ದೂರವೆಂಬುದು ಗಂಟೆಗಳ ಲೆಕ್ಕ

ಕಾಡಿನ ನಡುವಣ ವಸತಿಗೆ ಹೊರಡುವವರು ತಿಳಿದಿರಬೇಕಾದ ಕೆಲವು ಭೌತ ಸಂಗತಿಗಳು

ಹುಬ್ಬಳ್ಳಿ-ಧಾರವಾಡಗಳಿಂದ ಪಶ್ಚಿಮದ ಕಾಡು ಬಹಳ ದೂರವೇನಲ್ಲ. ಧಾರವಾಡದಿಂದ ಹಳಿಯಾಳದ ಮಾರ್ಗವಾಗಿ ಹೊರಟರೆ ಸುಮಾರು ೫೫ ಕಿಲೋಮೀಟರಿನಲ್ಲಿ ದಾಂಡೇಲಿ ಸಿಕ್ಕುತ್ತದೆ. ಅಲ್ಲಿಂದ ಮುಂದೆ ಗಣೇಶಗುಡಿ, ಜೋಯಿಡಾ, ಕುಂಬಾರವಾಡ, ಅಣಶಿ ಎಂದು ದಾರಿ ಬೆಳೆದಂತೆ, ಬೆಳಗ್ಗೆ ಕಂಡಿದ್ದ ಹತ್ತಿ-ಜೋಳಗಳ ಕರಿಮಣ್ಣಿನ ಬಯಲು ಬೇರಾವುದೋ ದೇಶದ್ದೆಂಬಂತೆ ಹಿಂದೆ ಸರಿದು, ಮರಗಳು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗುತ್ತವೆ. ೧೯೫೬ರಲ್ಲಿ ಘೋಷಿತವಾದ ದಾಂಡೇಲಿ ವನ್ಯಜೀವಿಧಾಮವೂ ಅಣಶಿಯ ರಾಷ್ಟ್ರೀಯ ಉದ್ಯಾನವೂ ಕೂಡಿ ೨೦೦೭ರಲ್ಲಿ ಒಂದೇ ಹುಲಿ ಸಂರಕ್ಷಿತ ಪ್ರದೇಶವಾದುವು. ೨೦೧೫ರಿಂದ ಅದಕ್ಕೆ ಕಾಳಿ ನದಿಯ ಹೆಸರು ಬಂದಿದೆ. ಕುಳಗಿ, ಅಣಶಿ ಮೊದಲಾದೆಡೆಗಳಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರಗಳಿವೆ. ಇತ್ತೀಚಿನ ವರ್ಷಗಳಲ್ಲಿ ಜೋಯಿಡಾ ತಾಲ್ಲೂಕಿನ ಹಲವು ಕೃಷಿಕರೂ ತಮ್ಮ ಮನೆಗಳಲ್ಲಿಯೇ ಅತಿಥಿಗಳಿಗೆ ಇಂಬು ಕೊಡತೊಡಗಿದ್ದಾರೆ. ಶನಿವಾರ ಬೆಳಗ್ಗೆ ಹೊರಟು ಸೋಮವಾರ ಬೆಳಗಾಗುವುದರೊಳಗೆ ಹಿಂದಿರುಗುವ ನಮ್ಮ ಅವಳಿ ನಗರದ ಕುಟುಂಬಗಳು ಈಗ ಈ ದಾರಿಯಲ್ಲಿ ಅಪರೂಪವಲ್ಲ.

ಇಂತಹ ಪ್ರವಾಸದ ಸಿದ್ಧತೆಯೆಂದರೆ ಸಾಮಾನ್ಯವಾಗಿ ಏನು? ಕೋಣೆಯನ್ನು ಕಾದಿರಿಸುವುದು, ರೊಟ್ಟಿ ಚಟ್ನಿಪುಡಿಗಳನ್ನು ಕಟ್ಟುವುದು, ಕ್ಯಾಮರಾಕ್ಕೆ ವಿದ್ಯುತ್ತು ತುಂಬುವುದು—ಇಷ್ಟೇ. ಇವೆಲ್ಲ ಬೇಕಾದುವೇ. ಆದರೆ ಇವುಗಳಿಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಾವು ಹೋಗುವ ಸ್ಥಳ ಎಷ್ಟು ದೂರ? ಮೈಲುಗಲ್ಲು ಕೊಡುವ ಉತ್ತರ ಇಲ್ಲಿ ನಿಷ್ಪ್ರಯೋಜಕವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ದೂರದ ವಸತಿಗೆ ಜಗತ್ತಿನಲ್ಲಿಯೇ ಹೆಸರಾದುದು ಆಸ್ಟ್ರೇಲಿಯದ ಒಳನಾಡು. ಅಲ್ಲಿ ‘ಸ್ಟೇಷನ್’ ಎಂದರೆ ರೈಲು ನಿಲ್ಲುವ ತಾಣವಲ್ಲ. ದನ ಅಥವಾ ಕುರಿಗಳನ್ನು ಸಾಕುವ ಮಹಾ ಹುಲ್ಲುಗಾವಲು ಮತ್ತು ಅದರ ನಡುವಣ ಮನೆ. ದಕ್ಷಿಣ ಆಸ್ಟ್ರೇಲಿಯದ ಆನಾ ಕ್ರೀಕ್ ಎಂಬ ಒಂದೇ ಸ್ಟೇಷನ್ನಿನ ವಿಸ್ತಾರ ೧೫,೦೦೦ ಚದರ ಕಿಲೋಮೀಟರಿಗೂ ಹೆಚ್ಚು. ಎಂದರೆ ನಮ್ಮ ಧಾರವಾಡ ಜಿಲ್ಲೆಯ ಮೂರೂವರೆ ಪಟ್ಟಿಗೂ ಮಿಕ್ಕಿದ್ದು. ಇಂತಹ ಕೆಲವು ಸ್ಟೇಷನ್ನುಗಳಲ್ಲಿ ಪ್ರವಾಸಿಗಳು ಹಣ ಕೊಟ್ಟು ತಂಗುತ್ತಾರೆ. ಅಲ್ಲಿಗೂ ಜೋಯಿಡಾಕ್ಕೂ ಹೋಲಿಕೆ ಎಲ್ಲಿಯದು ಎಂದು ವಾಚಕರು ನಗಬಹುದು. ಅಲ್ಲಿ ಮರುಭೂಮಿ, ಇಲ್ಲಿ ಮಳೆಗಾಡು. ಅಲ್ಲಿ ನೂರಾರು ಕಿಲೋಮೀಟರು, ಇಲ್ಲಿ ಹತ್ತಾರು. ಆದರೂ ಎರಡು ಕಡೆಯಲ್ಲಿಯೂ ಹಾಕಬೇಕಾದ ಲೆಕ್ಕ ಒಂದೇ.

ಸಹಾಯ ಬರುವವರೆಗಿನ ಅವಧಿ

ಧಾರವಾಡದಿಂದ ನಾಲ್ವರ ಕುಟುಂಬವೊಂದು ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ಕುಂಬಾರವಾಡದಿಂದಾಚೆಗಿನ ಒಂದು ತೋಟದ ಮನೆಗೆ ಹೋಗಿದೆಯೆಂದು ಭಾವಿಸೋಣ. ಮನೆ ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರು ಒಳಗಿದೆ. ಸಂಜೆ ಐದು ಗಂಟೆಗೆ, ಮನೆಯಿಂದ ಎರಡು ಕಿಲೋಮೀಟರು ದೂರದ ಕಾಲುದಾರಿಯಲ್ಲಿ ಯಜಮಾನರ ಪಾದ ಹೊರಳಿ ಮೂಳೆ ಮುರಿಯಿತು. ಸಹಾಯ ಬೇಕೆಂಬುದು ತಿಳಿಯಲು ಐದು ನಿಮಿಷ ಸಾಕು. ಆದರೆ ದೂರವಾಣಿಗೆ ಅಲೆಗಳು ಸಿಕ್ಕುತ್ತಿಲ್ಲ. ಮಗನು ಮನೆಗೆ ಓಡಿದನು: ಅರ್ಧ ಗಂಟೆ. ಅಲ್ಲಿಂದ ಮನೆಯವರೊಬ್ಬರು ಬೈಕಿನಲ್ಲಿ ಅಲೆಗಳು ದೊರೆಯುವ ದಿಬ್ಬಕ್ಕೆ ಹೋಗಿ ಮಾತಾಡಿದರು: ಮತ್ತೆ ಅರ್ಧ ಗಂಟೆ. ವಾಹನವು ರಸ್ತೆಯ ತುದಿಗೆ ಬರಲು ಒಂದೂವರೆ ಗಂಟೆ. ಅಷ್ಟರಲ್ಲಿ ಕತ್ತಲಾಗಿದೆ, ನಾಲ್ವರು ಸೇರಿ ಕಂಬಳಿಯ ಜೋಲಿಯಲ್ಲಿ ಗಾಯಾಳುವನ್ನು ಹೊತ್ತು ತರಲು ಮೊದಲ್ಗೊಂಡು ಮನೆಯನ್ನು, ಅಲ್ಲಿಂದ ರಸ್ತೆಯನ್ನು ಸೇರಲು ಎರಡೂವರೆ ಗಂಟೆ. ಮುಂದೆ ದಾಂಡೇಲಿಯ ಆಸ್ಪತ್ರೆಗೆ ಒಂದೂವರೆ ಗಂಟೆ. ಹೊರುವವರು ವಾಹನಕ್ಕಾಗಿ ಕಾಯದೆ ಮೊದಲೇ ಹೊರಟಿದ್ದರೂ ಒಟ್ಟು ಐದಾರು ಗಂಟೆಗೆ ಕಡಿಮೆಯಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಇದೇ ಅಪಘಾತವಾಗಿದ್ದರೆ ೧೦೮ಕ್ಕೆ ಕರೆ ಮಾಡಿ, ಗಂಟೆಯೊಳಗೆ ವೈದ್ಯರ ಮುಂದಿರಬಹುದಾಗಿತ್ತು.

ಸಹಾಯ ಬರುವವರೆಗಿನ ಈ ಅವಧಿಯೇ ಸ್ಥಳದ ನಿಜವಾದ ದೂರ. ಅದನ್ನು ನಾಲ್ಕು ಪಾಲುಗಳಾಗಿ ಒಡೆಯಬಹುದು: ತೊಂದರೆ ಇದೆಯೆಂದು ತಿಳಿಯಲು ಹಿಡಿಯುವ ಕಾಲ, ಸುದ್ದಿ ಮುಟ್ಟಲು ಹಿಡಿಯುವ ಕಾಲ, ನೆರವು ಬರಲು ಹಿಡಿಯುವ ಕಾಲ, ಹಿಂದಕ್ಕೆ ಸಾಗಿಸಲು ಹಿಡಿಯುವ ಕಾಲ. ಕಿಲೋಮೀಟರುಗಳು ಕೊನೆಯ ಎರಡು ಪಾಲುಗಳಲ್ಲಿ ಮಾತ್ರ ಬರುತ್ತವೆ ಎಂಬುದನ್ನು ಗಮನಿಸಬೇಕು. ನಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಮೊದಲಿನ ಎರಡೇ. ಅವನ್ನು ಕಡಿಮೆ ಮಾಡುವುದೂ, ಒಟ್ಟು ಅವಧಿಯಲ್ಲಿ ನೀರು, ಬೆಳಕು, ಬೆಚ್ಚಗೆ—ಈ ಮೂರಕ್ಕೆ ಕೊರತೆಯಾಗದಂತೆ ನೋಡಿಕೊಳ್ಳುವುದೂ ಸಿದ್ಧತೆಯ ತಿರುಳು.

ಮೊದಲನೆಯ ಪಾಲು ಮಿತಿಯಿಲ್ಲದೆ ಬೆಳೆದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯದ ಬರ್ಡ್ಸ್‌ವಿಲ್ ರಸ್ತೆ ಸಾಕ್ಷಿಯಾಗಿದೆ. ಮಾರಿ ಎಂಬ ಊರಿನಿಂದ ಬರ್ಡ್ಸ್‌ವಿಲ್ಲಿಗೆ ಹೋಗುವ ಈ ರಸ್ತೆ ೫೦೦ ಕಿಲೋಮೀಟರಿಗೂ ಉದ್ದ. ೧೯೬೩ರ ಡಿಸೆಂಬರಿನಲ್ಲಿ, ಎಂದರೆ ಅಲ್ಲಿಯ ಕಡುಬೇಸಗೆಯಲ್ಲಿ, ಐವರ ಒಂದು ಕುಟುಂಬ ಈ ದಾರಿಯಲ್ಲಿ ಹೋಗುತ್ತಿರುವಾಗ ಕಾರಿನ ಪೆಟ್ರೋಲು ತೀರಿತು. ಅವರು ಕಾರನ್ನು ಬಿಟ್ಟು ನಡೆದರು. ಐವರೂ ಬಾಯಾರಿಕೆಯಿಂದ ಸತ್ತರು. ಆಕಾಶದಿಂದ ನೋಡುವವನಿಗೆ ಕಾರು ದೊಡ್ಡ ಗುರುತು. ಮನುಷ್ಯನು ಒಂದು ಚುಕ್ಕೆ. ಕಾರಿನ ನೆರಳಿನಲ್ಲಿ ಕುಳಿತವನ ನೀರು, ಬಿಸಿಲಿನಲ್ಲಿ ನಡೆಯುವವನ ನೀರಿಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ವಾಹನವನ್ನು ಬಿಟ್ಟು ಕದಲಬೇಡಿರೆಂದು ಅಲ್ಲಿಯ ಪ್ರವಾಸಿಗಳಿಗೆ ಇಂದಿಗೂ ಮತ್ತೆ ಮತ್ತೆ ಹೇಳುವುದರ ಹಿಂದೆ ಇರುವುದು ಈ ಸರಳ ಭೌತಶಾಸ್ತ್ರ. ನಮ್ಮ ಕಾಡಿನಲ್ಲಿ ದಾರಿ ತಪ್ಪಿದವನಿಗೂ ಇದು ಅನ್ವಯಿಸುತ್ತದೆ: ಇದ್ದಲ್ಲಿಯೇ ಇರತಕ್ಕದ್ದು. ಹುಡುಕಬೇಕಾದ ಕ್ಷೇತ್ರವು ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಒಂದು ಕಿಲೋಮೀಟರಿನ ಒಳಗೆ ಇರುವವನನ್ನು ಹುಡುಕಲು ಸುಮಾರು ಮೂರು ಚದರ ಕಿಲೋಮೀಟರು ಜಾಲಾಡಿದರೆ ಸಾಕು. ಅವನು ಗಾಬರಿಯಿಂದ ಮೂರು ಕಿಲೋಮೀಟರು ಅಲೆದರೆ ಇಪ್ಪತ್ತೆಂಟು ಚದರ ಕಿಲೋಮೀಟರು ಬೇಕು.

ಸುದ್ದಿಯ ಅಲೆಗಳು

ಎರಡನೆಯ ಪಾಲಾದ ಸುದ್ದಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಏಕೆಂದರೆ ಕೈಯಲ್ಲಿ ದೂರವಾಣಿ ಇರುವಾಗ ಏನು ಭಯವೆಂಬ ಭಾವನೆ ಇಂದು ಎಲ್ಲರಲ್ಲಿಯೂ ಬೇರೂರಿದೆ.

ಜೇಬಿನ ದೂರವಾಣಿ ಬಳಸುವ ರೇಡಿಯೊ ಅಲೆಗಳ ಉದ್ದ ಬಹಳ ಚಿಕ್ಕದು. ಸೆಕೆಂಡಿಗೆ ೯೦ ಕೋಟಿ ಸಲ ಕಂಪಿಸುವ ಅಲೆಯನ್ನು ತೆಗೆದುಕೊಂಡರೆ, ಬೆಳಕಿನ ವೇಗವನ್ನು ಕಂಪನ ಸಂಖ್ಯೆಯಿಂದ ಭಾಗಿಸಿದಾಗ ಸುಮಾರು ೩೩ ಸೆಂಟಿಮೀಟರು ಎಂದಾಗುತ್ತದೆ. ಅಲೆಯು ಅಡಚಣೆಯನ್ನು ಬಳಸಿ ಬಾಗುವುದು ಅದರ ಉದ್ದವು ಅಡಚಣೆಯ ಗಾತ್ರಕ್ಕೆ ಹೋಲಿಕೆಯಾಗುವಷ್ಟು ಇದ್ದಾಗ ಮಾತ್ರ. ನೂರಾರು ಮೀಟರು ಎತ್ತರದ ಗುಡ್ಡಕ್ಕೆ ೩೩ ಸೆಂಟಿಮೀಟರಿನ ಅಲೆ ಏತರ ಲೆಕ್ಕ? ಅದು ಹೆಚ್ಚುಕಡಿಮೆ ಬೆಳಕಿನಂತೆಯೇ ನೇರವಾಗಿ ಸಾಗಿ, ಗುಡ್ಡದ ಆಚೆಯ ಕಣಿವೆಯಲ್ಲಿ ನೆರಳನ್ನು ಬೀಳಿಸುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳು ಉಳಿದುದನ್ನು ಹೀರುತ್ತವೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ದೂರವಾಣಿಯ ಮೂಲಕ ನಡೆದಾಗ ಮಲೆನಾಡಿನ ಮಕ್ಕಳು ಪುಸ್ತಕ ಹಿಡಿದು ಗುಡ್ಡದ ನೆತ್ತಿಗೆ ಹತ್ತಿದುದು ಈ ನೆರಳಿನಿಂದ ಹೊರಬರುವುದಕ್ಕಾಗಿ. ಆ ಮಕ್ಕಳಿಗೆ ಯಾವ ದಿಬ್ಬದಲ್ಲಿ ಅಲೆಗಳು ಸಿಕ್ಕುತ್ತವೆಂಬುದು ಬಾಯಿಪಾಠವಾಗಿರುತ್ತದೆ. ಅತಿಥಿಯು ಮನೆ ತಲಪಿದೊಡನೆ ಅವರಿಂದ ಕೇಳಿ ತಿಳಿಯಬೇಕಾದ ಮೊದಲನೆಯ ವಿಷಯ ಅದು.

ಇನ್ನೊಂದು ಸೂಕ್ಷ್ಮವಿದೆ. ಗೋಪುರವು ಹತ್ತಾರು ವಾಟ್ ಶಕ್ತಿಯಿಂದ ಮಾತಾಡುತ್ತದೆ. ನಾಲ್ಕನೆಯ ಪೀಳಿಗೆಯ ಜಾಲದಲ್ಲಿ ನಮ್ಮ ದೂರವಾಣಿಯ ಗರಿಷ್ಠ ಶಕ್ತಿಯಾದರೋ ಒಂದು ವಾಟಿನ ಐದನೆಯ ಒಂದು ಪಾಲು. ಆದುದರಿಂದ ಗೋಪುರದ ದನಿ ನಮಗೆ ಕೇಳಿಸಿ, ತೆರೆಯ ಮೇಲೆ ಒಂದು ಗೆರೆ ಮೂಡಿದರೂ, ನಮ್ಮ ದನಿ ಗೋಪುರಕ್ಕೆ ಕೇಳಿಸದಿರಬಹುದು. ಇಂತಹ ಕಡೆ ಮಾತಿಗಿಂತ ನಾಲ್ಕು ಪದಗಳ ಸಂದೇಶವೇ ಲೇಸು. ಮಾತಿಗೆ ಅಲೆಯ ಸಂಪರ್ಕ ಎಡೆಬಿಡದೆ ಬೇಕು, ಸಂದೇಶಕ್ಕೆ ಒಂದೆರಡು ಕ್ಷಣ ಸಾಕು. ೧೧೨ಕ್ಕೆ ಮಾಡುವ ಕರೆಯು ನಮ್ಮ ಸಂಸ್ಥೆಯ ಜಾಲವಿಲ್ಲದಿದ್ದರೂ ಸಿಕ್ಕ ಬೇರೆ ಜಾಲದ ಮೂಲಕ ಹೋಗಬಲ್ಲದು. ಯಾವ ಜಾಲವೂ ಇಲ್ಲದಲ್ಲಿ ಅದೂ ಹೋಗದು. ಅಲೆಗಳು ಕ್ಷೀಣವಾದಾಗ ದೂರವಾಣಿಯು ತನ್ನ ಶಕ್ತಿಯನ್ನು ಹೆಚ್ಚಿಸಿಕೊಂಡು ಹುಡುಕುತ್ತಲೇ ಇರುವುದರಿಂದ, ಊರಿನಲ್ಲಿ ಎರಡು ದಿನ ಬಾಳುವ ವಿದ್ಯುತ್ಕೋಶ ಕಾಡಿನಲ್ಲಿ ಸಂಜೆಯೊಳಗೆ ಬರಿದಾಗುತ್ತದೆ. ವಿಮಾನದಲ್ಲಿ ಮಾಡುವಂತೆ ಪ್ರಸಾರವನ್ನು ನಿಲ್ಲಿಸಿ ಇಡುವುದು ಇದಕ್ಕೆ ಉಪಾಯ. ಹಾಗೆ ನಿಲ್ಲಿಸಿದರೂ ಸ್ಥಾನ ಸೂಚಿಸುವ ವ್ಯವಸ್ಥೆ ಕೆಲಸ ಮಾಡುತ್ತದೆ. ಏಕೆಂದರೆ ಅದು ಸುಮಾರು ೨೦,೦೦೦ ಕಿಲೋಮೀಟರು ಎತ್ತರದ ಉಪಗ್ರಹಗಳಿಂದ ಬರುವ ಸಮಯದ ಸಂಕೇತಗಳನ್ನು ಕೇಳಿ ಲೆಕ್ಕ ಹಾಕುತ್ತದೆಯೇ ಹೊರತು ತಾನು ಏನನ್ನೂ ಹೇಳುವುದಿಲ್ಲ. ಭೂಪಟವನ್ನು ಮಾತ್ರ ಧಾರವಾಡದಲ್ಲಿಯೇ ಇಳಿಸಿಕೊಂಡಿರಬೇಕು. ಪಟವಿಲ್ಲದ ಅಕ್ಷಾಂಶ-ರೇಖಾಂಶಗಳು ಹೆಚ್ಚಿನವರಿಗೆ ಬರಿಯ ಅಂಕಿಗಳು.

ಆಸ್ಟ್ರೇಲಿಯದವರು ಈ ಸುದ್ದಿಯ ಸಮಸ್ಯೆಯನ್ನು ಬಿಡಿಸಿದ ಬಗೆ ವಿಜ್ಞಾನದ ಇತಿಹಾಸದಲ್ಲಿ ಸೊಗಸಾದ ಅಧ್ಯಾಯ. ಪಾದ್ರಿ ಜಾನ್ ಫ್ಲಿನ್ ಅವರ ಪ್ರಯತ್ನದಿಂದ ೧೯೨೮ರಲ್ಲಿ ಕ್ವೀನ್ಸ್‌ಲೆಂಡಿನ ಕ್ಲೊನ್‌ಕರಿಯಲ್ಲಿ ಹಾರುವ ವೈದ್ಯರ ಸೇವೆ ಆರಂಭವಾಯಿತು. ಆದರೆ ಇನ್ನೂರು ಕಿಲೋಮೀಟರು ಆಚೆಯ ಸ್ಟೇಷನ್ನಿನಲ್ಲಿ ರೋಗಿ ಇದ್ದಾನೆಂದು ವೈದ್ಯರಿಗೆ ಹೇಳುವವರಾರು? ಅಲ್ಲಿ ತಂತಿಯಿಲ್ಲ, ವಿದ್ಯುತ್ತೂ ಇಲ್ಲ. ಆಲ್‌ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರು ಸೈಕಲ್ಲಿನ ತುಳಿಗಾಲುಗಳಿಂದ ತಿರುಗುವ ಡೈನಮೊ ಜೋಡಿಸಿದ ಪ್ರೇಷಕವನ್ನು ನಿರ್ಮಿಸಿದರು. ೧೯೨೯ರಿಂದ ಅದು ಸ್ಟೇಷನ್ನುಗಳಿಗೆ ಬಂತು. ತುಳಿಯುವವನಿಂದ ದೊರೆಯುತ್ತಿದ್ದುದು ಸುಮಾರು ಇಪ್ಪತ್ತು ವಾಟ್ ಮಾತ್ರ. ಅಷ್ಟರಿಂದಲೇ ನೂರಾರು ಕಿಲೋಮೀಟರಿಗೆ ಸುದ್ದಿ ಮುಟ್ಟಿದುದು ಹೇಗೆಂದರೆ, ಅದರ ಅಲೆಗಳ ಉದ್ದ ಸೆಂಟಿಮೀಟರುಗಳಲ್ಲ, ಹತ್ತಾರು ಮೀಟರುಗಳು. ಅಂತಹ ಅಲೆಗಳು ಭೂಮಿಯಿಂದ ನೂರಾರು ಕಿಲೋಮೀಟರು ಮೇಲಿರುವ ಅಯಾನು ಮಂಡಲದಿಂದ ಪ್ರತಿಫಲಿಸಿ, ಗುಡ್ಡ-ಕಣಿವೆಗಳನ್ನು ಲೆಕ್ಕಿಸದೆ ಮತ್ತೆ ನೆಲಕ್ಕೆ ಇಳಿಯುತ್ತವೆ. ಜೇಬಿನ ದೂರವಾಣಿಯ ಕಿರು ಅಲೆಗಳು ಅದೇ ಮಂಡಲವನ್ನು ಭೇದಿಸಿ ಹೊರಟೇ ಹೋಗುತ್ತವೆ. ತೊಂಬತ್ತು ವರ್ಷಗಳಿಗೂ ಹಿಂದಿನ ಆ ತುಳಿಯಂತ್ರ ನಮ್ಮ ಕಣಿವೆಯೊಂದರಲ್ಲಿದ್ದರೆ, ಇಂದಿನ ದುಬಾರಿ ದೂರವಾಣಿ ಮಾಡಲಾರದ ಕೆಲಸವನ್ನು ಅದು ಮಾಡುತ್ತಿತ್ತು!

ಉಪಗ್ರಹದ ಮೂಲಕ ಮಾತಾಡುವ ದೂರವಾಣಿಗಳು ಈಗ ಇವೆಯಲ್ಲ ಎಂದು ಕೇಳಬಹುದು. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ; ಪರದೇಶದಿಂದ ಬರುವ ನೆಂಟರಿಗೆ ಇದನ್ನು ಮೊದಲೇ ತಿಳಿಸತಕ್ಕದ್ದು. ಹಡಗು, ವಿಮಾನಗಳಲ್ಲಿರುವ ಅಪಾಯಸೂಚಕ ಪ್ರೇಷಕಗಳ ಸಂಕೇತಗಳನ್ನು ಉಪಗ್ರಹಗಳಿಂದ ಪಡೆದು ಹಂಚುವ ಭಾರತೀಯ ಕೇಂದ್ರ ಬೆಂಗಳೂರಿನಲ್ಲಿಯೇ ಇದೆಯಾದರೂ, ಶನಿವಾರದ ಪ್ರವಾಸಿಗೆ ಆ ಸೌಕರ್ಯ ಒದಗುವುದಿಲ್ಲ. ಅವನ ಪಾಲಿಗೆ ಉಳಿಯುವುದು ದಿಬ್ಬ, ಬೈಕು, ಹಾಗೂ ಕೊನೆಯಲ್ಲಿ ಹೇಳಲಿರುವ ಚೀಟಿ.

ಮುಷ್ಟಿಯಿಂದ ಹೊತ್ತನ್ನು ಅಳೆಯುವುದು

ಮರುಭೂಮಿಯಲ್ಲಿ ಮೊದಲು ತೀರುವುದು ನೀರು. ನಮ್ಮ ಕಾಡಿನಲ್ಲಿ ಮೊದಲು ತೀರುವುದು ಬೆಳಕು. ಅದು ತೀರಿದೊಡನೆ ನಡಿಗೆಯ ವೇಗ ಅರ್ಧಕ್ಕಿಳಿಯುತ್ತದೆ, ಹಾವು-ಕಲ್ಲು-ಬೇರುಗಳು ಒಂದೇ ಬಣ್ಣವಾಗುತ್ತವೆ, ಆನೆ ಕಾಡೆಮ್ಮೆಗಳ ದಾರಿಯೂ ನಮ್ಮ ದಾರಿಯೂ ಒಂದಾಗುತ್ತವೆ.

ನಮ್ಮ ಗಡಿಯಾರ ತೋರಿಸುವುದು ೮೨.೫ ಅಂಶ ಪೂರ್ವ ರೇಖಾಂಶದ ಹೊತ್ತನ್ನು. ಧಾರವಾಡ ಇರುವುದು ಬಹುಮಟ್ಟಿಗೆ ೭೫ ಅಂಶದ ರೇಖೆಯ ಮೇಲೆ. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಏಳೂವರೆ ಅಂಶಕ್ಕೆ ಸರಿಯಾಗಿ ಅರ್ಧ ಗಂಟೆ. ಆದುದರಿಂದ ನಮ್ಮಲ್ಲಿ ಸೂರ್ಯ ನೆತ್ತಿಗೇರುವುದು ಸರಾಸರಿ ಹನ್ನೆರಡೂವರೆಗೆ. ಜೋಯಿಡಾ ಇನ್ನೂ ತುಸು ಪಶ್ಚಿಮಕ್ಕಿದೆ. ಇದರ ಮೇಲೆ, ಭೂಮಿಯ ಕಕ್ಷೆ ಸರಿಯಾದ ವೃತ್ತವಲ್ಲದೆ ಇರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ, ಸೂರ್ಯನು ನವೆಂಬರಿನ ಮೊದಲಲ್ಲಿ ಸುಮಾರು ಹದಿನಾರು ನಿಮಿಷ ಮುಂದೆಯೂ ಫೆಬ್ರವರಿಯ ನಡುವೆ ಸುಮಾರು ಹದಿನಾಲ್ಕು ನಿಮಿಷ ಹಿಂದೆಯೂ ಇರುತ್ತಾನೆ. ಇದರ ಪರಿಣಾಮವೇನೆಂದರೆ, ವರ್ಷದ ಅತ್ಯಂತ ಗಿಡ್ಡ ಹಗಲು ಡಿಸೆಂಬರಿನಲ್ಲಿದ್ದರೂ ನಮ್ಮಲ್ಲಿ ಸೂರ್ಯ ಅತ್ಯಂತ ಬೇಗ ಮುಳುಗುವುದು ನವೆಂಬರಿನ ಕೊನೆಯ ಭಾಗದಲ್ಲಿ, ಆರು ಗಂಟೆಯ ಆಸುಪಾಸಿಗೆ. ಫೆಬ್ರವರಿಯ ನಡುವಿನಲ್ಲಿ ಅದೇ ಜಾಗದಲ್ಲಿ ಅರ್ಧ ಗಂಟೆ ಹೆಚ್ಚು ಸಂಜೆ ಸಿಕ್ಕುತ್ತದೆ. ಚಾರಣದ ಉತ್ಸಾಹವುಳ್ಳವರು ಇದನ್ನು ಮರೆಯದಿರಲಿ.

ಮುಳುಗಿದ ಮೇಲಾದರೂ ಬೆಳಕು ಎಷ್ಟು ಹೊತ್ತು? ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕ್ಷಿತಿಜಕ್ಕೆ ಬಹುಮಟ್ಟಿಗೆ ಲಂಬವಾಗಿ ಇಳಿಯುವುದರಿಂದ ಸಂಧ್ಯೆಯು ಮೊಟಕು. ನೆಲದ ಮೇಲಿನ ವಸ್ತುಗಳು ದೀಪವಿಲ್ಲದೆ ಕಾಣುವುದು ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷ ಮಾತ್ರ, ಅದೂ ಬಯಲಿನಲ್ಲಿ. ಮರಗಳ ಚಪ್ಪರದ ಕೆಳಗೆ ಅಷ್ಟೂ ಇಲ್ಲ. ಕಣಿವೆಯಲ್ಲಿ ನಿಂತವನಿಗೆ ಪಶ್ಚಿಮದ ಗುಡ್ಡ ಸೂರ್ಯನನ್ನು ಮೊದಲೇ ಮರೆಮಾಡುತ್ತದೆ. ಇದನ್ನು ಅಳೆಯಲು ಸುಲಭ ಉಪಾಯವುಂಟು. ಕೈಯನ್ನು ನೇರವಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ, ಮುಷ್ಟಿಯ ಅಗಲವು ಕಣ್ಣಿನಲ್ಲಿ ಸುಮಾರು ಹತ್ತು ಅಂಶಗಳ ಕೋನವನ್ನು ಮಾಡುತ್ತದೆ. ಇಳಿಹೊತ್ತಿನ ಸೂರ್ಯನು ಹತ್ತು ಅಂಶ ಇಳಿಯಲು ನಲವತ್ತು ನಿಮಿಷಕ್ಕೂ ಮಿಕ್ಕಿ ಬೇಕು. ಗುಡ್ಡದ ನೆತ್ತಿಯಿಂದ ಸೂರ್ಯನವರೆಗೆ ಎಷ್ಟು ಮುಷ್ಟಿಗಳೆಂದು ಎಣಿಸಿದರೆ—ಸೂರ್ಯನನ್ನೇ ದಿಟ್ಟಿಸದೆ, ಅಂಗೈಯಿಂದ ಮರೆಮಾಡಿಕೊಂಡು—ಉಳಿದ ಬಿಸಿಲಿನ ಅವಧಿ ಗೊತ್ತಾಗುತ್ತದೆ. ಎರಡು ಮುಷ್ಟಿ ಉಳಿದಾಗ ಹಿಂದಿರುಗಲೇಬೇಕೆಂದು ನನ್ನ ಮತ. ಒಬ್ಬೊಬ್ಬರಿಗೂ ಒಂದೊಂದು ಕೈದೀಪ ಬೇಕು. ದೂರವಾಣಿಯ ದೀಪವನ್ನು ಲೆಕ್ಕಕ್ಕೆ ಹಿಡಿಯಬಾರದು. ಸುದ್ದಿಗೂ ಬೆಳಕಿಗೂ ಒಂದೇ ವಿದ್ಯುತ್ಕೋಶವನ್ನು ನಂಬಿದವನು ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ಬೆವರು ಮತ್ತು ಹಳ್ಳ

ನೀರಿನ ಲೆಕ್ಕ ಸರಳವಾದದ್ದು. ಗುಡ್ಡ ಹತ್ತುವ ಪ್ರಾಯದವನ ದೇಹ ಸುಮಾರು ೪೦೦ ವಾಟ್ ದರದಲ್ಲಿ ಉಷ್ಣವನ್ನು ಹೊರಹಾಕಬೇಕಾಗುತ್ತದೆ. ಗಂಟೆಗೆ ೧೪ ಲಕ್ಷ ಜೂಲ್. ಒಂದು ಲೀಟರು ಬೆವರು ಆವಿಯಾಗಲು ಹೀರುವ ಗುಪ್ತೋಷ್ಣ ಸುಮಾರು ೨೪ ಲಕ್ಷ ಜೂಲ್. ಹೆಚ್ಚಿನ ಉಷ್ಣ ಬೆವರಿನ ಮೂಲಕವೇ ಹೋಗಬೇಕಾದರೆ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಬೇಕು. ಇದು ಬೆವರೆಲ್ಲವೂ ಆವಿಯಾದರೆ! ಆಸ್ಟ್ರೇಲಿಯದ ಒಣಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರುತ್ತದೆ. ನೀರು ಕಳೆಯುತ್ತಿರುವುದೇ ಅಲ್ಲಿಯ ಪ್ರವಾಸಿಗೆ ತಿಳಿಯುವುದಿಲ್ಲ. ನಮ್ಮ ಕಾಡಿನ ತೇವದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ದೇಹವನ್ನು ತಂಪು ಮಾಡದು. ದೇಹವು ಇನ್ನಷ್ಟು ಬೆವರುತ್ತದೆ. ಸುತ್ತಲೂ ಹಸುರು, ನೆರಳು, ಹಳ್ಳದ ಸದ್ದು ಇದ್ದರೂ ಮನುಷ್ಯನು ಬಳಲುವುದು ಇದರಿಂದ. ನಾಲ್ಕು ಗಂಟೆಯ ನಡಿಗೆಗೆ ತಲೆಗೆ ಮೂರು ಲೀಟರು ಹೆಚ್ಚಲ್ಲ. ಜೊತೆಗೆ ಉಪ್ಪು ಹೋಗುವುದರಿಂದ, ಹೊರಡುವ ಮುನ್ನ ಉಪ್ಪು ಹಾಕಿದ ಮಜ್ಜಿಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಔಷಧವೇನಲ್ಲ. ಹಳ್ಳದ ನೀರನ್ನು ಕುದಿಸಿಯೇ ಕುಡಿಯತಕ್ಕದ್ದು.

ಮಳೆಗಾಲದಲ್ಲಿ ಇದೇ ನೀರು ಬೇರೆಯ ರೂಪ ತಾಳುತ್ತದೆ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು ೮೦ ಸೆಂಟಿಮೀಟರು ಮಳೆ. ಘಟ್ಟದ ಅಂಚಿನ ಕ್ಯಾಸಲ್‌ರಾಕಿನಲ್ಲಿ ಅದರ ಅನೇಕ ಪಟ್ಟು. ಎರಡು ಚದರ ಕಿಲೋಮೀಟರಿನ ಪುಟ್ಟ ಕಣಿವೆಯ ಮೇಲೆ ಐದು ಸೆಂಟಿಮೀಟರು ಮಳೆ ಬಿದ್ದರೆ ಹತ್ತು ಕೋಟಿ ಲೀಟರು ನೀರಾಯಿತು. ಅದರಲ್ಲಿ ಬಹುಪಾಲು ಒಂದೇ ಹಳ್ಳದಲ್ಲಿ ಇಳಿಯಬೇಕು. ಹರಿವ ನೀರಿನ ನೂಕು ವೇಗದ ವರ್ಗದಂತೆ ಹೆಚ್ಚುತ್ತದೆ. ಮೊಣಕಾಲುದ್ದದ ನೀರು ಸೆಕೆಂಡಿಗೆ ಒಂದು ಮೀಟರು ವೇಗದಲ್ಲಿ ಹರಿದರೆ ಕಾಲುಗಳ ಮೇಲೆ ಆರು ಕಿಲೋಗ್ರಾಂ ತೂಕದಷ್ಟು ನೂಕು. ವೇಗ ಎರಡು ಮೀಟರಾದರೆ ಇಪ್ಪತ್ತೈದು. ಪಾಚಿಗಟ್ಟಿದ ಬಂಡೆಯ ಮೇಲೆ ನಿಂತವನನ್ನು ಕೆಡವಲು ಅಷ್ಟು ಧಾರಾಳವಾಗಿ ಸಾಕು. ಬೆಳಗ್ಗೆ ದಾಟಿದ ಹಳ್ಳ ಸಂಜೆ ದಾಟಲಾಗದಿದ್ದರೆ ಆ ರಾತ್ರಿಯನ್ನು ಆಚೆ ದಡದಲ್ಲಿಯೇ ಕಳೆಯತಕ್ಕದ್ದು. ಸಂಗಡ ಒಂದು ಹೊತ್ತಿನ ಊಟವೂ ಒಣಬಟ್ಟೆಯೂ ಇರಬೇಕಾದುದು ಇದಕ್ಕಾಗಿ. ಮಳೆಯಲ್ಲಿ ಗುಡ್ಡದ ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ ಅವುಗಳ ಹಿಡಿತ ಸಡಿಲುತ್ತದೆ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನರು ಸತ್ತುದನ್ನು ಉತ್ತರ ಕನ್ನಡದವರು ಮರೆಯಲಾರರು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಪ್ರವಾಸವನ್ನು ಕೈಗೊಳ್ಳದಿರುವುದೇ ಮೇಲು.

ಬೇಸಗೆಯಲ್ಲಿಯೂ ಕಾಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಸಲ್ಲುತ್ತದೆ. ಗಣೇಶಗುಡಿಯ ಬಳಿ ನೂರು ಮೀಟರಿಗೂ ಎತ್ತರವಾದ ಸೂಪಾ ಅಣೆಕಟ್ಟಿದೆ. ಹಳೆಯ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿದೆ. ಅಣೆಕಟ್ಟಿನ ಕೆಳಗೆ ನದಿಯ ಮಟ್ಟವು ಆಕಾಶವನ್ನಲ್ಲ, ವಿದ್ಯುದಾಗಾರವನ್ನು ಅನುಸರಿಸುತ್ತದೆ. ವಿದ್ಯುತ್ತಿನ ಬೇಡಿಕೆ ಬಂದು ಚಕ್ರಗಳನ್ನು ತಿರುಗಿಸಿದಾಗ ನೀರು ಏರುತ್ತದೆ. ರಬ್ಬರಿನ ದೋಣಿಗಳಲ್ಲಿ ಜನರನ್ನು ಕರೆದೊಯ್ಯುವವರು ಈ ನೀರಿಗಾಗಿಯೇ ಕಾಯುತ್ತಾರೆ. ಮೋಡವೊಂದೂ ಇಲ್ಲದ ದಿನ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತವರಿಗೆ ಇದು ತಿಳಿದಿರುವುದು ಒಳ್ಳೆಯದು.

ಮನೆಯವರ ಪಾಲು

ಅತಿಥಿಗಳು ತಮ್ಮ ಅನುಕೂಲವನ್ನು ಯೋಚಿಸುವಷ್ಟು ಮನೆಯವರ ಸಾಮರ್ಥ್ಯವನ್ನು ಯೋಚಿಸುವುದಿಲ್ಲ. ಸೂರ್ಯಫಲಕದಿಂದ ನಡೆಯುವ ಮನೆಯೊಂದರಲ್ಲಿ ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆಯ ವಿದ್ಯುತ್ಕೋಶವಿದೆಯೆನ್ನಿರಿ. ಅದರಲ್ಲಿ ೧,೨೦೦ ವಾಟ್-ಗಂಟೆ ಇದ್ದರೂ, ಕೋಶ ಕೆಡದಂತೆ ಬಳಸಬಹುದಾದುದು ಸುಮಾರು ಅರ್ಧ. ಐದು ದೀಪಗಳೂ ನಾಲ್ಕು ದೂರವಾಣಿಗಳೂ ಇದರಲ್ಲಿ ಸುಖವಾಗಿ ನಡೆಯುತ್ತವೆ. ಆದರೆ ಹುಬ್ಬಳ್ಳಿಯಿಂದ ತಂದ ೧,೫೦೦ ವಾಟಿನ ನೀರು ಕಾಯಿಸುವ ಕೆಟಲನ್ನು ಅದಕ್ಕೆ ಜೋಡಿಸಿದರೆ ಕೋಶದಿಂದ ೧೨೫ ಆಂಪಿಯರಿಗೂ ಹೆಚ್ಚು ಪ್ರವಾಹ ಹರಿಯಬೇಕಾಗುತ್ತದೆ. ಒಂದು ಬಟ್ಟಲು ಚಹದ ಸಲುವಾಗಿ ಇಡೀ ಮನೆ ಕತ್ತಲಾಗುತ್ತದೆ. ಒಲೆಯ ಮೇಲಿನ ಹಂಡೆ ಇರುವಾಗ ಇದೇಕೆ? ಊಟದ ವಿಷಯದಲ್ಲಿಯೂ ಹಾಗೆಯೇ: ಜೋಯಿಡಾದ ಕುಣಬಿಗಳು ಬೆಳೆಯುವ ಗಡ್ಡೆಗೆಣಸುಗಳಿಗಾಗಿಯೇ ಅಲ್ಲಿ ಮೇಳ ನಡೆಯುತ್ತದೆ; ಅಂತಹ ಊರಿಗೆ ಹೋಗಿ ಪೇಟೆಯ ತಿಂಡಿಯನ್ನು ಕೇಳುವುದು ಅವಿವೇಕ. ಎಷ್ಟು ಮಂದಿ, ಎಷ್ಟು ಹೊತ್ತು ಎಂಬುದನ್ನು ಮಾತ್ರ ಮೂರು ದಿನ ಮೊದಲೇ ತಿಳಿಸಬೇಕು. ಅವರಿಗೆ ಅಂಗಡಿಯೂ ದೂರವೇ.

ಪೆಟ್ರೋಲಿನ ಬಗ್ಗೆ ಎರಡು ಮಾತು ಸಾಕು. ನಾಲ್ವರನ್ನು ಹೊತ್ತ ೧,೪೦೦ ಕಿಲೋಗ್ರಾಮಿನ ಕಾರನ್ನು ೫೦೦ ಮೀಟರು ಎತ್ತರಕ್ಕೆ ಏರಿಸಲು ಬೇಕಾದ ಕೆಲಸ ಸುಮಾರು ೭೦ ಲಕ್ಷ ಜೂಲ್; ಎಂಜಿನ್ನಿನ ದಕ್ಷತೆ ಕಾಲುಭಾಗವೆಂದರೂ ಒಂದು ಲೀಟರಿಗೆ ಕಡಿಮೆ. ಪೆಟ್ರೋಲನ್ನು ತಿನ್ನುವುದು ಏರಲ್ಲ. ಕೆಳಗಿನ ಗೇರಿನ ತೆವಳಿಕೆ, ತಪ್ಪಿದ ತಿರುವುಗಳು. ದಾಂಡೇಲಿಯಲ್ಲಿ ತುಂಬಿಸಿ, ತೊಟ್ಟಿ ಅರ್ಧಕ್ಕಿಳಿಯುವ ಮೊದಲು ಹಿಂದಿರುಗುವ ಯೋಜನೆಯಿರಲಿ.

ಔಷಧದ ಪೆಟ್ಟಿಗೆಗಿಂತ ಮುಖ್ಯವಾದುದು ಒಂದು ವಿಚಾರಣೆ: ಹಾವಿನ ವಿಷಕ್ಕೆ ಪ್ರತಿವಿಷವಿರುವ ಹತ್ತಿರದ ಆಸ್ಪತ್ರೆ ಯಾವುದು? ಕಚ್ಚಿದ ಅಂಗವನ್ನು ಕೊಯ್ಯದೆ, ಬಿಗಿಯದೆ, ಅಲುಗಾಡದಂತೆ ಇರಿಸಿ ಅಲ್ಲಿಗೆ ಸಾಗಿಸುವುದೊಂದೇ ಮಾರ್ಗ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಮೂಲಕ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಉತ್ತರ ಕನ್ನಡದಲ್ಲಿಯೂ ಅದು ಕಾಣಿಸಿಕೊಂಡಿದೆ. ತುಂಬುತೋಳಿನ ಅಂಗಿ ಧರಿಸಿ, ಮರಳಿದ ಮೇಲೆ ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಮಂಗ ಸತ್ತು ಬಿದ್ದ ಕಡೆ ಸುಳಿಯಲೇಬಾರದು.

ಚೀಟಿ

ಇನ್ನು ಉಳಿದುದು, ಅವಧಿಯ ಮೊದಲ ಪಾಲಿಗೆ ಮಿತಿ ಹಾಕುವ ಉಪಾಯ. ದೂರವಾಣಿ ಇಲ್ಲದ ಕಣಿವೆಯಲ್ಲಿ ಸಂಸಾರವೊಂದು ಸಂಕಟಕ್ಕೆ ಸಿಕ್ಕಿದ್ದರೂ, ಸುಖವಾಗಿ ನಿದ್ರಿಸುತ್ತಿದ್ದರೂ, ಧಾರವಾಡದಲ್ಲಿರುವ ಬಂಧುಗಳಿಗೆ ಎರಡೂ ಒಂದೇ ಮೌನವಾಗಿ ಕೇಳಿಸುತ್ತವೆ. ಈ ಮೌನಕ್ಕೆ ಅರ್ಥ ಬರುವುದು ಅದಕ್ಕೆ ಮೊದಲೇ ಗಡುವನ್ನು ಗೊತ್ತುಮಾಡಿದ್ದರೆ ಮಾತ್ರ.

ಆದುದರಿಂದ ಹೊರಡುವ ಹಿಂದಿನ ಸಂಜೆ ಒಂದು ಹಾಳೆಯಲ್ಲಿ ಬರೆಯಿರಿ: ಯಾರು ಯಾರು, ವಾಹನದ ಸಂಖ್ಯೆ, ಯಾವ ದಾರಿ, ತಂಗುವ ಮನೆಯವರ ಹೆಸರು ಮತ್ತು ಅವರ ಊರು, ಯಾವ ದಿನ ಯಾವ ಕಡೆ ನಡೆಯುವ ವಿಚಾರವಿದೆ. ಬಳಿಕ ಎರಡು ಹೊತ್ತುಗಳನ್ನು ಬರೆಯಿರಿ. ಮೊದಲನೆಯದು ನೀವು ಅಲೆಗಳು ಸಿಕ್ಕುವ ಊರಿಗೆ ಮರಳಿ ಸುದ್ದಿ ಕೊಡುವ ನಿರೀಕ್ಷೆಯ ಹೊತ್ತು—ಭಾನುವಾರ ನಾಲ್ಕು ಗಂಟೆಗೆ ದಾಂಡೇಲಿಯಿಂದ, ಎಂಬಂತೆ. ಎರಡನೆಯದು ಸುದ್ದಿ ಬಾರದಿದ್ದರೆ ಮನೆಯವರಿಗೂ, ಬಳಿಕ ಜೋಯಿಡಾ ಪೋಲೀಸರಿಗೂ ತಿಳಿಸಬೇಕಾದ ಹೊತ್ತು—ಏಳು ಗಂಟೆ. ಎರಡರ ನಡುವಣ ಅಂತರವು ಚಕ್ರ ಪಂಕ್ಚರಾಗುವುದು, ಕಾಡೆಮ್ಮೆ ದಾರಿಗಡ್ಡ ನಿಲ್ಲುವುದು ಮುಂತಾದ ಸಣ್ಣ ವಿಳಂಬಗಳಿಗೆ. ಅದು ಮೂರು ಗಂಟೆಗೆ ಕಡಿಮೆಯಾದರೆ ಸುಮ್ಮನೆ ಗಾಬರಿ. ಒಂದು ದಿನವಾದರೆ ಚೀಟಿಯೇ ನಿರರ್ಥಕ. ಅದನ್ನು ಮರೆಗುಳಿಯಲ್ಲದ ಒಬ್ಬ ಸ್ನೇಹಿತರ ಕೈಯಲ್ಲಿ ಕೊಟ್ಟು, ಏಳು ಗಂಟೆಯಾದರೆ ಸಂಕೋಚಪಡದೆ ಕರೆ ಮಾಡುವುದಾಗಿ ಅವರಿಂದ ಮಾತು ಪಡೆಯಿರಿ. ದಾರಿಯಲ್ಲಿ ಯೋಜನೆ ಬದಲಾದರೆ ಅಲೆಗಳಿರುವ ಕೊನೆಯ ಊರಿನಿಂದ ಅವರಿಗೆ ತಿಳಿಸಿರಿ. ಬದಲಾದುದನ್ನು ತಿಳಿಸಲಾಗದಿದ್ದರೆ ಬದಲಿಸಬೇಡಿರಿ.

ದಾಂಡೇಲಿಗೆ ಮರಳಿದೊಡನೆ, ಚಹಕ್ಕೆ ಕೂಡುವ ಮೊದಲು, ಅವರಿಗೆ ಸುದ್ದಿ ಮುಟ್ಟಿಸಿರಿ. ಮರೆತರೆ, ನೀವು ಧಾರವಾಡದಲ್ಲಿ ಕಾಲು ತೊಳೆದು ಊಟಕ್ಕೆ ಕೂಡುವ ಹೊತ್ತಿಗೆ ಜೋಯಿಡಾದಲ್ಲಿ ನಾಲ್ಕು ಮಂದಿ ದೀಪ ಹಿಡಿದು ಕಾಡಿಗೆ ಹೊರಟಿರುತ್ತಾರೆ.